ನನಗೆ ದೊಡ್ಡ ಕರುಳು ಬೇಡ ಮೇಡಂ!

ಪಾಠವನ್ನು ನಾಟಕ ಮಾಡಿಸಿ, ಆ ನಾಟಕವನ್ನು ಫೋನಿನಲ್ಲಿ ವಿಡಿಯೋ ಮಾಡಿಸುವ ಟೀಚರಿಗೆ ನಗುವುದಕ್ಕೆ ಬೇರೆ ಖರ್ಚು ಬೇಕಾಗುವುದಿಲ್ಲ. ಪ್ರಸಂಗಗಳು ತಾವಾಗಿಯೇ ತರಗತಿಯ ಬಾಗಿಲು ತಟ್ಟುತ್ತಲೇ ಇರುತ್ತವೆ. ನಾನು ಬೆಂಗಳೂರಿನ ಬಾಗಲಗುಂಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಮನೆಯಲ್ಲಿ ಒಬ್ಬರದು ತೆಲುಗು, ಒಬ್ಬರದು ಉರ್ದು, ಒಬ್ಬರದು ಒಡಿಯಾ, ಇನ್ನೊಬ್ಬರದು ರಾಯಚೂರು ಕಡೆಯ ಕನ್ನಡ. ಕೆಲವರು ಓದಿದ್ದನ್ನು ಅರಗಿಸಿಕೊಳ್ಳುತ್ತಾರೆ, ಕೆಲವರಿಗೆ ಅಕ್ಷರ ಕಂಡರೇ ತಲೆನೋವು. ಇವರೆಲ್ಲರನ್ನೂ ಒಂದೇ ಬೋರ್ಡಿನ ಮುಂದೆ ಕೂರಿಸಿ ಪಾಠ ಓದಿಸಿದರೆ ಅರ್ಧ ತರಗತಿಯ ಮನಸ್ಸು ಕಿಟಕಿಯಾಚೆ ಇರುತ್ತದೆ. 'ನಾಟಕ' ಅಂದು ನೋಡಿ, ಎಲ್ಲರೂ ಒಳಗೆ ಬರುತ್ತಾರೆ. ಇಷ್ಟನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಬಂದಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲಾರರು.

ಕರುಳಿನ ಗಲಾಟೆ

ಜೀರ್ಣಕ್ರಿಯೆಯ ಪಾಠ. ಒಬ್ಬ ಹುಡುಗ ಇಡ್ಲಿ. ಅವನು ಬಾಯಿಯಿಂದ ಹೊರಟು ಒಂದೊಂದೇ ಅಂಗ ದಾಟಿಕೊಂಡು ಹೋಗಬೇಕು. ಪ್ರತಿ ಅಂಗವೂ ಅವನನ್ನು ತಡೆದು ನಿಲ್ಲಿಸಿ, 'ನಿನಗೆ ನಾನೇನು ಮಾಡ್ತೀನಿ ಗೊತ್ತಾ?' ಎಂದು ಹೇಳಬೇಕು. ಬಾಯಿ ಆಗಲು ಪೈಪೋಟಿ, ಜಠರ ಆಗಲು ಪೈಪೋಟಿ. ದೊಡ್ಡ ಕರುಳು ಮಾತ್ರ ಯಾರಿಗೂ ಬೇಡ. ಕೊನೆಗೆ ಗಟ್ಟಿ ದನಿಯ ಹುಡುಗಿಯೊಬ್ಬಳಿಗೆ ಆ ಪಾತ್ರ ಕೊಟ್ಟೆ. "ನನಗೆ ದೊಡ್ಡ ಕರುಳು ಬೇಡ ಮೇಡಂ" ಎಂದು ಅವಳು ಅತ್ತೇಬಿಟ್ಟಳು.

ಮಾರನೇ ದಿನ ಗಾರ್ಮೆಂಟ್ಸ್ ಕೆಲಸದಿಂದ ಪರ್ಮಿಶನ್ ತಗೊಂಡು ಅವಳ ಅಮ್ಮ ಬಂದರು.

"ಏನ್ ಮೇಡಂ, ನನ್ ಮಗಳನ್ನ ದೊಡ್ಡ ಕರುಳು ಮಾಡಿದೀರಂತೆ?"

"ಹೌದಮ್ಮ. ಒಳ್ಳೇ ಪಾತ್ರ ಅದು."

"ಒಳ್ಳೇದಾ? ಪಕ್ಕದ್ಮನೆ ಹುಡುಗಿ ಬಾಯಿ ಆಗಿದಾಳೆ. ಅವರಮ್ಮ ನಲ್ಲಿ ಹತ್ರ ಎಲ್ಲರ ಎದುರು ಕೇಳ್ತಾಳೆ, ನಿಮ್ಮುಡುಗಿ ಏನು ಅಂತ. ನಾನೇನಂತ ಹೇಳ್ಲಿ?"

ನಾನು ವಿಜ್ಞಾನದ ಮೊರೆಹೋದೆ. "ಬೇಜಾರಿದ್ರೆ ಸಣ್ಣ ಕರುಳು ಕೊಡ್ತೀನಿ ಬಿಡಿ. ಹೆಸರಿಗಷ್ಟೇ ಸಣ್ಣದು, ಉದ್ದ ಅದೇ ಜಾಸ್ತಿ."

ಆಕೆಯ ಮುಖ ಅರಳಿತು. "ಉದ್ದ ಜಾಸ್ತಿನಾ? ಹಂಗಾದ್ರೆ ಡೈಲಾಗೂ ಜಾಸ್ತಿ ಇರತ್ತೆ. ಅದನ್ನೇ ಕೊಟ್ಬಿಡಿ. ದೊಡ್ಡದನ್ನ ಆ ಪಕ್ಕದ್ಮನೆಯವಳಿಗೆ ಕೊಡಿ!"

ಅಪ್ಪಣೆ, ಮಹಾಪ್ರಭು

ಒಡಿಶಾದಿಂದ ಹೊಸದಾಗಿ ಬಂದ ಹುಡುಗನೊಬ್ಬ ಎಂಟನೇ ಕ್ಲಾಸಿಗೆ ಸೇರಿದ. ಕನ್ನಡದ ಒಂದಕ್ಷರವೂ ಬಾರದು. ಬಾಯಿ ಬಿಟ್ಟರೆ ಉಳಿದವರು ನಗುತ್ತಾರೆಂದು ಬಾಯಿಯನ್ನೇ ಬಿಡುತ್ತಿರಲಿಲ್ಲ. ಕೆರೆ ಕಟ್ಟಿಸುವ ರಾಜನ ನಾಟಕದಲ್ಲಿ ಅವನನ್ನು ಮಂತ್ರಿ ಮಾಡಿದೆವು. ಮಂತ್ರಿಗೆ ಇದ್ದದ್ದು ಒಂದೇ ಮಾತು. ಎದೆಯ ಮೇಲೆ ಕೈಯಿಟ್ಟು, ಬಾಗಿ, "ಅಪ್ಪಣೆ, ಮಹಾಪ್ರಭು!"

ಅದನ್ನು ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ, ನಾಟಕ ಮುಗಿದ ಮೇಲೂ ಬಿಡಲಿಲ್ಲ. ಒಂದು ಬೆಳಗ್ಗೆ ಹೆಡ್‌ಮಾಸ್ಟರು ಗೇಟಿನಲ್ಲಿ ಹಿಡಿದು, "ಯಾಕೋ ಲೇಟು?" ಎಂದು ಗದರಿದರು. ಹುಡುಗ ಬಾಗಿ, "ಅಪ್ಪಣೆ, ಮಹಾಪ್ರಭು!" ಅಂದ. ಬೈಯಲು ಎತ್ತಿದ ಕೈಯಲ್ಲಿ ಹೆಡ್‌ಮಾಸ್ಟರು ತಮ್ಮ ಕಾಲರ್ ಸರಿಮಾಡಿಕೊಂಡರು. ಸ್ಟಾಫ್‌ರೂಮಿಗೆ ಬಂದು, "ಈ ಸ್ಕೂಲಲ್ಲಿ ಮರ್ಯಾದೆ ಗೊತ್ತಿರೋನು ಅವನೊಬ್ನೇ ಕಣ್ರೀ" ಅಂದರು.

ಕೆಲವು ತಿಂಗಳಲ್ಲಿ ಹುಡುಗ ಪಟಪಟ ಕನ್ನಡ ಮಾತಾಡತೊಡಗಿದ. ಪೋಷಕರ ಸಭೆಗೆ ಅವನ ಅಪ್ಪ ಬಂದಾಗ ನಾನು ಹೆಮ್ಮೆಯಿಂದ, "ನಿಮ್ಮ ಮಗ ಚೆನ್ನಾಗಿ ಕಲೀತಿದಾನೆ" ಅಂದೆ. ಅಪ್ಪ ಎದೆಯ ಮೇಲೆ ಕೈಯಿಟ್ಟು ಬಾಗಿದರು. "ಅಪ್ಪಣೆ, ಮಹಾಪ್ರಭು!"

ನಾನು ಹುಡುಗನ ಮುಖ ನೋಡಿದೆ. "ನಾನೇ ಕಲಿಸಿದ್ದು ಮೇಡಂ. ಅಪ್ಪ ಫ್ಯಾಕ್ಟರೀಲಿ ಸೂಪರ್‌ವೈಸರ್‌ಗೆ ಹಂಗೇ ಹೇಳ್ತಾರೆ. ಅವರನ್ನ ನೋಡಿ ಈಗ ಎಲ್ಲರೂ ಹೇಳ್ತಾರಂತೆ."

"ಅಯ್ಯೋ! ಸೂಪರ್‌ವೈಸರ್ ಬೈಯಲ್ವೇನೋ?"

"ಇಲ್ಲ ಮೇಡಂ. ಮುಂಚೆ ಅವ್ರು ಗಡಿಬಿಡೀಲಿ ಓಡಾಡ್ತಿದ್ರಂತೆ. ಈಗ ನಿಧಾನಕ್ಕೆ, ಕೈ ಹಿಂದೆ ಕಟ್ಕೊಂಡು ನಡೀತಾರಂತೆ."

ಎದುರಿಗಿರೋರನ್ನ ನೋಡದೆ

ಊರಿನ ಹಳೇ ಬಾವಿಗಳ ಬಗ್ಗೆ ಮಕ್ಕಳು ವಿಡಿಯೋ ಮಾಡುತ್ತಿದ್ದರು. ನಿರ್ದೇಶಕಿ ಒಂಬತ್ತನೇ ಕ್ಲಾಸಿನ ಹುಡುಗಿ. ಪುಸ್ತಕ ಓದಲು ತಡವರಿಸುತ್ತಾಳೆ, ಆದರೆ ಕಣ್ಣು ಕಿವಿ ಎರಡೂ ಬಲು ಚುರುಕು. ನಾಯಕಿ, ಇಲ್ಲೇ ಹುಟ್ಟಿ ಬೆಳೆದ ಅಜ್ಜಿ. ಆಕೆಯ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸಾಲಾಗಿ ಶೆಡ್ಡುಗಳಿವೆ.

"ಅಜ್ಜಿ, ಕ್ಯಾಮೆರಾ ನೋಡ್ಬೇಡಿ. ಆ ಕಡೆ ನೋಡ್ಕೊಂಡು ಮಾತಾಡಿ" ಅಂದಳು ಹುಡುಗಿ.

"ಎದುರ್ಗಿರೋರ ಮಕ ನೋಡ್ದಂಗೆ ಮಾತಾಡಾಕೆ ನಂಗೂ ನಿಂಗೂ ಏನ್ ಜಗಳ ಆಗೈತಾ?"

ಆದರೂ ಅಜ್ಜಿ ಶುರುಮಾಡಿದರು. ಬಾವಿ, ರಾಟೆ, ಬೇಸಿಗೆಯಲ್ಲಿ ಇಳಿದು ಹೂಳೆತ್ತುತ್ತಿದ್ದ ಗಂಡಸರು, ಒಳಗೆ ಬಿದ್ದ ಎಮ್ಮೆ. ನಾವು ಉಸಿರು ಬಿಗಿಹಿಡಿದು ಕೇಳಿದೆವು. ಮುಗಿದಾಗ ಕ್ಯಾಮೆರಾ ಹಿಡಿದವನ ಮುಖ ಸಣ್ಣಗಾಗಿತ್ತು. ರೆಕಾರ್ಡ್ ಗುಂಡಿ ಒತ್ತುವುದನ್ನೇ ಮರೆತಿದ್ದ.

"ಅಜ್ಜಿ, ಇನ್ನೊಂದ್ಸಲ ಹೇಳ್ತೀರಾ?"

ಅಜ್ಜಿ ನನ್ನ ಕಡೆ ಬೆರಳು ಮಾಡಿದರು. "ಓಗ್ ಮಗಾ! ಏಳಿದ್ದನ್ನೇ ಏಳಾಕೆ ನಾನೇನು ಟೀಚರಾ?"

ಮೌನಕ್ಕೆ ಬಹುಮಾನ

ನಮ್ಮ ಶಾಲೆಯ ಎಡಗಡೆ ಗೋಡೆಗೆ ಅಂಟಿಕೊಂಡೇ ಒಂದು ಶೆಡ್ಡು. ಅಲ್ಲಿ ತಗಡು ಒತ್ತುವ ಯಂತ್ರ, ಪವರ್ ಪ್ರೆಸ್. ಬೆಳಗ್ಗೆಯಿಂದ ಸಂಜೆಯವರೆಗೂ 'ಧಡ್!' ಒಂದಿಷ್ಟು ಹೊತ್ತು ಬಿಟ್ಟು ಮತ್ತೆ 'ಧಡ್!' ಯಾವ ವಿಡಿಯೋ ಮಾಡಿದರೂ ಅರ್ಧ ಮಾತು ಆ ಸದ್ದಿನಲ್ಲಿ ಮುಳುಗುತ್ತಿತ್ತು. ಮಾಲೀಕರನ್ನು ಕೇಳಿದರೆ, "ಪ್ರೆಸ್ ನಿಂತ್ರೆ ನಾನೂ ನಿಂತ್ಹೋಗ್ತೀನಿ ಮೇಡಂ" ಅಂದರು.

ದಾರಿ ಹುಡುಕಿದವಳು ಆ ಒಂಬತ್ತನೇ ಕ್ಲಾಸಿನ ನಿರ್ದೇಶಕಿಯೇ. "ಅದು ಒಂದೇ ತಾಳದಲ್ಲಿ ಬೀಳತ್ತೆ ಮೇಡಂ. ಸದ್ದು ಬರೋವಾಗ ಎಲ್ಲರೂ ನಿಲ್ಸೋಣ, ಬಂದ್ಮೇಲೆ ಮುಂದುವರಿಸೋಣ." ಮಗಳ ಓದು ಬಿಡಿಸುವ ಅಪ್ಪನ ನಾಟಕದ ತಾಲೀಮು ಹಾಗೇ ನಡೆಯಿತು. ಪ್ರೆಸ್ ಬೀಳುವ ಹೊತ್ತಿಗೆ ಸರಿಯಾಗಿ ಎಲ್ಲರೂ ಮಾತು ನಿಲ್ಲಿಸಿ ಎಡಗಡೆಯ ಗೋಡೆ ನೋಡುವುದು, 'ಧಡ್' ಆದಮೇಲೆ ಮಾತು ಮುಂದುವರಿಸುವುದು. ವಿಡಿಯೋ ಚೊಕ್ಕವಾಗಿ ಬಂತು. ಅದನ್ನು ನೋಡಿ ವೈಟ್‌ಫೀಲ್ಡಿನ ದೊಡ್ಡ ಶಾಲೆಯೊಂದರ ನಾಟಕ ಸ್ಪರ್ಧೆಗೆ ನಮ್ಮನ್ನು ಕರೆದರು.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಹೋದೆವು. ಏಸಿ ಸಭಾಂಗಣ, ಬಣ್ಣದ ದೀಪಗಳು. ಉಳಿದ ಶಾಲೆಯವರ ಕಿರೀಟ, ರೇಷ್ಮೆ ಉಡುಪು ನೋಡಿ ನಮ್ಮ ಮಕ್ಕಳು ನನ್ನ ಹಿಂದೆ ಒತ್ತೊತ್ತಾಗಿ ನಿಂತರು. "ನಿಮಗೆ ಬರೋದನ್ನ ನೀವು ಮಾಡಿ, ಸಾಕು" ಅಂದೆ.

ಅವರು ಅದನ್ನೇ ಮಾಡಿದರು. ಓದು ಬಿಡಿಸಲು ಹೊರಟ ಅಪ್ಪನ ಎದುರು ಮಗಳು ನಿಂತು, "ಅಪ್ಪಾ, ನಾನು ಸ್ಕೂಲು..." ಎಂದವಳು ಥಟ್ಟನೆ ನಿಂತಳು. ಅಪ್ಪ ನಿಂತ. ಅಮ್ಮ ನಿಂತಳು. ಎಲ್ಲರೂ ಎಡಗಡೆ ತಿರುಗಿದರು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ತಮ್ಮನ ಪಾತ್ರದ ಹುಡುಗ ಇಲ್ಲದ ಸದ್ದಿಗೆ ಬೆಚ್ಚಿಯೂ ಬಿದ್ದ. ಆಮೇಲೆ ಎಲ್ಲರೂ ಈ ಕಡೆ ತಿರುಗಿ, "...ಬಿಡಲ್ಲ!" ಹೀಗೆ ಕೊನೆಯವರೆಗೂ. ನಾನು ಪರದೆಯ ಪಕ್ಕದಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದೆ.

ಫಲಿತಾಂಶ ಹೇಳಲು ಖಾದಿ ಜುಬ್ಬಾದ ಹಿರಿಯ ತೀರ್ಪುಗಾರರು ಎದ್ದರು. ಕನ್ನಡಕ ಒರೆಸಿಕೊಂಡರು. "ಮೌನವನ್ನು ಇಷ್ಟು ಧೈರ್ಯವಾಗಿ ಬಳಸಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ಒಟ್ಟಿಗೆ ದೂರಕ್ಕೆ ನೋಡ್ತಿದ್ರಲ್ಲ, ಅದು ಬರೀ ನೋಟ ಅಲ್ಲ, ಪ್ರಶ್ನೆ!" ಎಂದು ಮೊದಲ ಬಹುಮಾನವನ್ನು ನಮಗೇ ಕೊಟ್ಟರು. ಮಕ್ಕಳ ಕಿರುಚಾಟದ ನಡುವೆ ನಿರ್ದೇಶಕಿಯನ್ನು ವೇದಿಕೆಗೆ ಕರೆದು, "ಈ ಮೌನ ನಿಮಗೆ ಯಾರು ಕಲಿಸಿದ್ದಮ್ಮ?" ಎಂದು ಮೈಕ್ ಕೊಟ್ಟರು.

ಬೇಡ ಬೇಡ ಎಂದು ನಾನು ಕೈ ಆಡಿಸಿದೆ. ಹುಡುಗಿ ನೋಡಲೇ ಇಲ್ಲ.

"ಪವರ್ ಪ್ರೆಸ್ ಸಾರ್. ದಿನಾ ಪ್ರಾಕ್ಟೀಸು ಅವರ ಜೊತೆಗೇ."

ತೀರ್ಪುಗಾರರು ಕಣ್ಣು ಮುಚ್ಚಿ, ಗೊತ್ತಿದ್ದವರಂತೆ ತಲೆದೂಗಿದರು.

"ಹೆಸರು ಕೇಳಿದೀನಿ. ತುಂಬಾ ಒಳ್ಳೇ ತಂಡ."