ಎದುರುಮನೆಯಿಂದ ಬಿದ್ದ ಚಿತ್ರ

ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು, ನಾಲ್ಕು ದಿಕ್ಕಿಗೆ ತಿರುಗಿದ ನಾಲ್ಕು ಮುಖ. ದನದ ಆಸ್ಪತ್ರೆಯ ಕಾಂಪೌಂಡರಿಗೆ ಬಹಳ ಕಾಲದಿಂದ ಇದೇ ಕೊರಗು. ಹಗಲೆಲ್ಲ ಒದೆಯುವ ಎಮ್ಮೆಗಳ ಕಾಲು ಹಿಡಿದು ಮನೆಗೆ ಬಂದರೆ, "ಬಂದ್ರಾ?" ಎನ್ನಲು ಒಂದು ತಲೆಯೂ ಮೇಲೇಳುತ್ತಿರಲಿಲ್ಲ. ಎಮ್ಮೆಯಾದರೂ ಒದೆಯುವ ಮುಂಚೆ ಒಮ್ಮೆ ತಿರುಗಿ ನೋಡುತ್ತದೆ.

ರಜೆಯ ದಿನವಾದರೂ ಹೆಂಡತಿ ಮಕ್ಕಳು ತನ್ನ ಪಕ್ಕ ಕೂತು ಒಂದೇ ಕಡೆ ನೋಡಲಿ ಎಂಬುದಷ್ಟೇ ಆತನ ಆಸೆ. ಅದಕ್ಕಾಗಿ ನಡುಕೋಣೆಯನ್ನೇ ಪುಟ್ಟ ಚಿತ್ರಮಂದಿರ ಮಾಡುತ್ತೇನೆಂದು ಭಾನುವಾರ ಬೆಳಿಗ್ಗೆ ಸಾರಿದ.

"ಮಾಡಿ," ಎಂದಳು ಹೆಂಡತಿ, ಫೋನಿನಿಂದ ಕಣ್ಣು ಕೀಳದೆ.

ಅಂಗಡಿಯವನು ಕೇಳಿದ, "ಎಲ್‌ಇಡಿ ಬೇಕಾ ಸಾರ್, ಓಎಲ್‌ಇಡಿ ಬೇಕಾ, ಪ್ರೊಜೆಕ್ಟರ್ ಬೇಕಾ?"

"ಏನು ವ್ಯತ್ಯಾಸ?" ಎಂದದ್ದೇ ತಪ್ಪಾಯಿತು. ಕಾಂಪೌಂಡರು ಸೂಜಿಮದ್ದಿಗೆ ನಿಂತ ಕರುವಿನಂತೆ ಅವನ ವಿವರಣೆಯನ್ನೆಲ್ಲ ಸಹಿಸಿಕೊಂಡ. ಕೊನೆಗೆ ತಲೆಗೆ ಹೋದದ್ದು ಒಂದೇ: ಟೀವಿ ತಂದಷ್ಟೇ ದೊಡ್ಡದು, ಪ್ರೊಜೆಕ್ಟರು ಗೋಡೆಯಷ್ಟು ದೊಡ್ಡದು.

"ರೂಮು ಎಷ್ಟು ಉದ್ದ ಸಾರ್? ಚಿಕ್ಕ ರೂಮಿಗಾದ್ರೆ ಈ ಸಣ್ಣ ಮಷೀನು. ಆ ದೊಡ್ಡದು ಸಭಾಭವನದ್ದು, ದೂರದಿಂದ ಬಿಡ್ಬೇಕು."

"ಗೋಡೆ ಅಳತೆ ತಂದಿದೀನಲ್ಲ!" ಎಂದ ಕಾಂಪೌಂಡರು. ಹಸುವಿನ ಎದೆ ಸುತ್ತಳತೆ ತೆಗೆಯುವ ಟೇಪಿನಲ್ಲಿ ಗೋಡೆಯನ್ನು ಎರಡೆರಡು ಸಲ ಅಳೆದಿದ್ದ. ಗೋಡೆಯ ಎದುರಿಗೆ ಕೋಣೆ ಎಂಬುದೊಂದು ಇರುತ್ತದೆ, ಅದನ್ನೂ ಅಳೆಯಬೇಕು ಎಂದು ಹೊಳೆದಿರಲಿಲ್ಲ. "ದೊಡ್ಡದನ್ನೇ ಕೊಡಿ."

"ಒಂದು ದಿನ ಇಟ್ಕೊಂಡು ನೋಡಿ. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತನ್ನಿ."

ಮಧ್ಯಾಹ್ನ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಮೂವರನ್ನೂ ಗೋಗರೆದು ಕೂರಿಸಿ, ಗುಂಡಿ ಒತ್ತಿದ. ಅಷ್ಟು ದೊಡ್ಡ ಗೋಡೆಯ ನಡುವೆ ದಿಂಬಿನಷ್ಟಗಲ ಬೆಳಕು ಬಿತ್ತು.

"ಅಪ್ಪಾ, ಇದು ಸಿನಿಮಾನಾ, ಸ್ಟಾಂಪಾ?" ಎಂದ ಮಗ.

ಚಿತ್ರ ಹಿಗ್ಗಬೇಕಾದರೆ ಯಂತ್ರ ಹಿಂದೆ ಸರಿಯಬೇಕು. ಕಾಂಪೌಂಡರು ಅದನ್ನು ಕೂಸಿನಂತೆ ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕಿದ. ಬೆನ್ನಿಗೆ ಬಾಗಿಲು ಸಿಕ್ಕಿತು. ಬಾಗಿಲು ತೆರೆದು ಮಹಡಿಯ ಎರಡು ಮನೆಗಳ ನಡುವಿನ, ಬಿಸಿಲು ಕಾಣದ ಓಣಿಗಿಳಿದ. ಇನ್ನೂ ಸಾಲದು. ಬೆನ್ನಿಗೆ ಎದುರುಮನೆಯ ಬಾಗಿಲು ತಗುಲಿತು. ಅದೂ ತೆರೆಯಿತು.

"ಯಾಕಪ್ಪಾ, ಗಾಡಿ ರಿವರ್ಸಲ್ಲಿ ಬರ್ತಿದೆ?"

ಒಂಟಿ ಮುದುಕ. ಕೆಲಸದಲ್ಲಿದ್ದಾಗ ಮನೆಮನೆಯ ಕರೆಂಟ್ ಮೀಟರು ಓದಿದವನು. ಈಗ ಮೀಟರು ಬಿಟ್ಟು ಮನೆಗಳನ್ನು ಓದುತ್ತಿದ್ದ. ಎಲ್ಲರ ಬಾಯಲ್ಲೂ ಮೀಟರ್ ತಾತ. ಕತೆ ಕೇಳಿದ್ದೇ ತಡ, "ಬಾ ಬಾ, ಒಳಗೇ ತಗೊಂಬಾ" ಎಂದು ಇಸ್ತ್ರಿ ಮೇಜನ್ನು ಎಳೆದು ತಂದ. ಯಂತ್ರ ತಾತನ ಪಡಸಾಲೆಯಲ್ಲಿ ಪ್ರತಿಷ್ಠಾಪನೆಯಾಯಿತು. ಓಣಿಯ ದೀಪವನ್ನೂ ತಾತನೇ ಆರಿಸಿದ.

ಬೆಳಕು ಎರಡು ಬಾಗಿಲು ದಾಟಿ ಕಾಂಪೌಂಡರ ಗೋಡೆಯ ತುಂಬ ಹರಡಿತು. ಮಕ್ಕಳು "ಹೋ!" ಎಂದರು. ಹೆಂಡತಿಯ ಫೋನು ಮಡಿಲಿಗೆ ಜಾರಿದರೂ ಅವಳಿಗೆ ಅರಿವಾಗಲಿಲ್ಲ. ಕಾಂಪೌಂಡರು ಓಡಿಬಂದು ಅವರ ನಡುವೆ ತೂರಿ ಕೂತ. ಎರಡು ನಿಮಿಷ ಸ್ವರ್ಗ.

"ಕತ್ತು ನೋಯ್ತಿದೆ," ಎಂದಳು ಮಗಳು. "ಹೀರೋಯಿನ್ ಮೂಗು ಬಿಟ್ರೆ ಏನೂ ಕಾಣ್ತಿಲ್ಲ."

ಎದುರಿನಿಂದ ತಾತ ಕೂಗಿದ, "ಇಲ್ಲಿ ಬಾ ಮಗೂ! ನನ್ನ ಸೋಫಾದಿಂದ ಸೊಗಸಾಗಿ ಕಾಣ್ತಿದೆ!"

ಮಗಳು ಹೋದಳು. ಮಗ ಹೋದ. "ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಹೋದ ಹೆಂಡತಿ ಬರಲೇ ಇಲ್ಲ. ಒಬ್ಬನೇ ಕೂತ ಕಾಂಪೌಂಡರಿಗೆ ಎದುರುಮನೆಯಿಂದ ಆಜ್ಞೆ ಬಂತು: "ರೀ, ನಿಮ್ಮ ತಲೆ ಅಡ್ಡ! ಹೀರೋಗೆ ಗಡ್ಡ ಬಂದ ಹಾಗಿದೆ!"

ಆತನೂ ಎದ್ದು ಹೊರಟ. ಓಣಿಗೆ ಕಾಲಿಡುವಷ್ಟರಲ್ಲಿ ಮೇಲ್ಮನೆಯ ಟೀಚರು ತರಕಾರಿ ಚೀಲದೊಂದಿಗೆ ಬೆಳಕಿಗೆ ಅಡ್ಡ ಬಂದರು. ಸಿನಿಮಾದ ಮದುವೆ ಮಂಟಪದ ಮೇಲೆ ಆನೆಗಾತ್ರದ ಸೋರೆಕಾಯಿಯ ನೆರಳು ನಡೆದುಹೋಯಿತು. ಒಳಗಿನಿಂದ ಹಾಹಾಕಾರ.

"ರೀ, ಅಲ್ಲೇ ನಿಂತು ಜನಾನ ತಡೀಬಾರ್ದಾ?"

ನಿಂತ. "ಸ್ವಲ್ಪ ತಡೀರಿ, ಹಾಡು ಮುಗೀಲಿ" ಎಂದು ಕೈಯೊಡ್ಡಿ ತಡೆದವರೆಲ್ಲ ಒಳಗೆ ಇಣುಕಿ, "ಅರೆ, ಚೆನ್ನಾಗಿದೆಯಲ್ಲ!" ಎಂದು ತಾತನ ಪಡಸಾಲೆಯ ನೆಲದ ಮೇಲೆ ಕೂತುಬಿಟ್ಟರು. ಬೆಳಕಿಗೆ ಅಡ್ಡವಾಗದಂತೆ ಬಾಗಿಲ ಬದಿಗೆ ನಿಂತ ಕಾಂಪೌಂಡರಿಗೆ ಸಿನಿಮಾ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಹೆಂಡತಿ ಮಕ್ಕಳ ಮುಖ. ಒಬ್ಬರಿಗೊಬ್ಬರು ಭುಜ ತಾಗಿಸಿ, ಒಂದೇ ಕಡೆ ನೋಡುತ್ತ, ಒಟ್ಟಿಗೆ ನಗುತ್ತಿದ್ದರು. ಬೇಡಿದ ವರ ವಿಳಾಸ ತಪ್ಪಿ ಎದುರುಮನೆಗೆ ತಲುಪಿತ್ತು.

ಸಿನಿಮಾ ಮುಗಿದ ಮೇಲೆ ಹೆಂಡತಿ ಬಂದು ತೋಳು ಮುಟ್ಟಿದಳು. ಎಷ್ಟು ಕಾಲವಾಗಿತ್ತೋ!

"ನೀವು ಹೇಳಿದ್ದು ನಿಜ ಕಣ್ರೀ. ಒಟ್ಟಿಗೆ ಕೂತು ನೋಡೋ ಸುಖಾನೇ ಬೇರೆ. ಆದ್ರೆ ಈ ಪ್ರೊಜೆಕ್ಟರ್ ಬೇಡ. ಪಾಪ, ನೀವು ಹೊರಗೇ ನಿಂತಿದ್ರಿ. ವಾಪಸ್ ಕೊಟ್ಟು ದೊಡ್ಡ ಟೀವಿ ತಂದ್ಬಿಡಿ."

ಕಾಂಪೌಂಡರು ಆಗಲೇ ಚಪ್ಪಲಿ ಮೆಟ್ಟಿದ. ತಾನು ನಿಂತದ್ದನ್ನು ಒಬ್ಬರಾದರೂ ಕಂಡಿದ್ದರು! ಅಂಗಡಿ ಮುಚ್ಚುವ ಮೊದಲೇ ಓಡಿ ಯಂತ್ರ ಮರಳಿಸಿ, ಇಬ್ಬರು ಆಳುಗಳ ಹೆಗಲ ಮೇಲೆ ಟೀವಿ ಹೊರಿಸಿಕೊಂಡು ಮೆಟ್ಟಿಲೇರಿದ. ತನ್ನ ಮನೆಯ ಬಾಗಿಲು ತಳ್ಳಿ, "ಹುಷಾರು, ಇಲ್ಲೇ ಒಳಗೆ" ಎಂದ.

"ಅಯ್ಯೋ, ಅಲ್ಲಲ್ಲಪ್ಪಾ!" ಎಂದು ಮಗಳು ಓಡಿಬಂದಳು. "ತಾತನ ಮನೆಗೆ! ನಮ್ಮನೇಲಿ ಅಷ್ಟು ದೂರ ಕೂತು ನೋಡೋಕೆ ಜಾಗ ಎಲ್ಲಿದೆ?"

ಎದುರುಮನೆಯೊಳಗೆ ಮೀಟರ್ ತಾತ ಆಗಲೇ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಮಗ ಏಣಿ ಹಿಡಿದಿದ್ದ. ಆಳುಗಳು ಟೀವಿಯನ್ನು ಆ ಕಡೆ ತಿರುಗಿಸಿದರು.

"ಮತ್ತೆ ನಾನು?" ಎಂದ ಕಾಂಪೌಂಡರು.

"ನಿಮಗೇನ್ರೀ, ಇನ್ಮೇಲೆ ಹೊರಗೆ ನಿಲ್ಲೋ ಕಷ್ಟ ತಪ್ತಲ್ಲ," ಎಂದಳು ಹೆಂಡತಿ ಅಕ್ಕರೆಯಿಂದ. "ಆರಾಮಾಗಿ ಮನೇಲಿರಿ. ತಾತನ ಸೋಫಾದಲ್ಲಿ ಜಾಗ ಇರೋದು ನಾಲ್ಕೇ ಜನಕ್ಕೆ."