ಹೊಟ್ಟೆಯೊಳಗಿನ ಒಂದನೇ ಕ್ಲಾಸು

ತುಮಕೂರಿನ ಸದಾಶಿವನಗರದ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು ಯಾರೂ ಸುಮ್ಮನೆ ಇದ್ದು ಹೋದವರಲ್ಲ. ಒಬ್ಬರು ಟೆರೇಸಿನಲ್ಲಿ ಮೊಲ ಸಾಕಿದರು. ಇನ್ನೊಬ್ಬರು ಬಚ್ಚಲಲ್ಲಿ ಅಣಬೆ ಬೆಳೆದರು. ಹೋದ ವರ್ಷ ಬಂದ ಗಂಡ ಹೆಂಡತಿ ಮಾತ್ರ ಬಲು ಸಾಧು ಅಂದುಕೊಂಡಿದ್ದೆ. ಆ ಹುಡುಗಿ ಬಸುರಿಯಾಗುವವರೆಗೆ.

"ಹುಟ್ಟಿದ್ ಮೇಲೆ ಕಲಿಸೋಕ್ ಶುರು ಮಾಡಿದ್ರೆ ಲೇಟಾಗೋಗುತ್ತೆ ಆಂಟಿ. ಅಷ್ಟೊತ್ತಿಗೆ ಬೇರೆ ಮಕ್ಕಳು ಮುಂದೆ ಹೋಗ್ಬಿಟ್ಟಿರ್ತವೆ" ಅಂದಳು.

ಎಲ್ಲಿಗೆ ಹೋಗಿರ್ತವೋ ಆ ದೇವರಿಗೇ ಗೊತ್ತು.

ಮಗ್ಗಿ

ಒಂದು ಬೆಳಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಮೇಲಿಂದ ಕೂಗು ಬಂತು: "ಆಂಟಿ, ಸ್ವಲ್ಪ ನಿಲ್ಸಿ, ಕ್ಲಾಸ್ ನಡೀತಿದೆ!"

ಹತ್ತಿ ಹೋಗಿ ನೋಡಿದೆ. ಅವಳು ಸೋಫಾಗೆ ಒರಗಿದ್ದಾಳೆ. ಆಫೀಸಿಗೆ ಹೊರಟಿದ್ದ ಗಂಡ ನೆಲದ ಮೇಲೆ ಕೂತು, ಅವಳ ಹೊಟ್ಟೆಗೆ ಹದಿಮೂರರ ಮಗ್ಗಿ ಹೇಳುತ್ತಿದ್ದಾನೆ.

"ಹದಿಮೂರೇಳ್ಲ ತೊಂಬತ್ಮೂರು..."

"ತೊಂಬತ್ತೊಂದಪ್ಪಾ" ಅಂದೆ, ಬಾಯಿ ತಡೆಯದೆ.

ಹುಡುಗಿ ಎದ್ದೇ ಕೂತಳು. "ಅಯ್ಯೋ! ಮಗು ತಪ್ಪನ್ನೇ ಬಾಯಿಪಾಠ ಮಾಡ್ಕೊಂಡ್ಬಿಡ್ತಲ್ರೀ!"

ಗಂಡ ಕೈಗಡಿಯಾರ ನೋಡಿಕೊಂಡು, "ಈಗೇನ್ ಮಾಡ್ಲಿ, ರಬ್ಬರ್ ತಗೊಂಡ್ ಅಳಿಸ್ಲಾ?" ಅಂದ.

ಎಡ ಬಲ

ಅವಳ ಅತ್ತೆ ಹುತ್ರಿದುರ್ಗದಿಂದ ರಾಗಿಹಿಟ್ಟು ಹೊತ್ತುಕೊಂಡು ಬಂದರು. ಸೊಸೆಯ ಬಲಗಡೆ ಕೂತು, "ಹೆಂಗಿದ್ದೀಯವ್ವ?" ಅಂದರು.

"ಅತ್ತೆ, ಈ ಕಡೆ ಬನ್ನಿ. ಬಲಗಡೆ ಇಂಗ್ಲಿಷ್ ಮೀಡಿಯಂ, ಎಡಗಡೆ ಕನ್ನಡ. ಎರಡೂ ಕಲಸಿ ಹೋಗ್ಬಾರ್ದು."

ಅತ್ತೆ ಪಾಪ, ಎದ್ದು ಎಡಗಡೆ ಕೂತರು. ಊಟ ಬಡಿಸುವಾಗಲೂ ಸುತ್ತು ಹಾಕಿಕೊಂಡೇ ಬರುತ್ತಿದ್ದರು.

ಆಮೇಲೆ ಒಂದು ದಿನ ಸ್ಕ್ಯಾನಿಂಗಿಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಪರದೆ ನೋಡುತ್ತಾ, "ಮಗು ಚೆನ್ನಾಗಿದೆ. ಮಗ್ಗುಲು ತಿರುಗಿದೆ ಅಷ್ಟೇ" ಅಂದರು.

ಇವಳ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ಮೀಡಿಯಂ ಚೇಂಜ್ ಆಗೋಯ್ತಾ ಮೇಡಂ?"

ನಾನು ಪಕ್ಕದಲ್ಲಿ ಕೂತು ವಿಷಯ ಬಿಡಿಸಿ ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದರು. "ನೋಡಮ್ಮ, ನಾನು ಹೆರಿಗೆ ಮಾಡಿಸ್ತೀನಿ. ಅಡ್ಮಿಷನ್ ವಿಷ್ಯ ನಂಗೊತ್ತಿಲ್ಲ."

ಗುಬ್ಬಿ ಬಸ್ಸು

ಅವಳ ತವರು ಗುಬ್ಬಿ. ಸೀಮಂತಕ್ಕೆ ನಾನೂ ಅವಳೂ ಬಸ್ಸಲ್ಲಿ ಹೊರಟೆವು. ಕಂಡಕ್ಟರಿಗೂ ಒಬ್ಬ ತೆಂಗಿನಕಾಯಿ ಮೂಟೆಯವನಿಗೂ ಲಗೇಜಿನ ಜಗಳ ಹತ್ತಿಕೊಂಡಿತು. ಇಬ್ಬರ ಬಾಯಿಂದಲೂ ಬರಬಾರದ ಮಾತೆಲ್ಲ ಬಂತು.

ಇವಳು ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು, "ಥೂ, ಕೆಟ್ಟ ಮಾತಾಡ್ಬೇಡ್ರೀ! ಮಗು ಕೇಳಿಸ್ಕೊಂತಿದೆ!" ಅಂತ ಕೂಗಿದಳು.

ಕಂಡಕ್ಟರು ಸೀಟಿನ ಅಡಿಯೆಲ್ಲ ಬಗ್ಗಿ ನೋಡಿದ. "ಎಲ್ಲಮ್ಮ ಮಗು?"

ಅವಳು ಹೊಟ್ಟೆ ತೋರಿಸಿದಳು. ಬಸ್ಸಿನವರೆಲ್ಲ ಇತ್ತ ತಿರುಗಿದರು. ಕಂಡಕ್ಟರು ಟಿಕೆಟ್ ಮಿಷಿನ್ ಹಿಡಿದುಕೊಂಡು ಗಂಭೀರವಾಗಿ ಯೋಚಿಸಿದ.

"ಕಿವಿ ಕೇಳ್ಸುತ್ತೆ ಅಂದ್ಮೇಲೆ ಪ್ಯಾಸೆಂಜರೇ ಆಯ್ತಲ್ಲಮ್ಮ. ಹೆಣ್ಣಾದ್ರೆ ಫ್ರೀ, ಗಂಡಾದ್ರೆ ಟಿಕೆಟ್ಟು. ಯಾವುದು ಅಂತ ಬರ್ಕೊಳ್ಲಿ?"

ರಜ

ಆಸ್ಪತ್ರೆ ಹತ್ತಿರ ಅಂತ ಹೆರಿಗೆಗೆ ಅವಳು ತುಮಕೂರಲ್ಲೇ ಉಳಿದಳು. ಡಾಕ್ಟರಮ್ಮ ಹೇಳಿದ ದಿನ ಬಂತು, ಹೋಯಿತು. ನೋವಿನ ಸುಳಿವೇ ಇಲ್ಲ. ಇನ್ನೂ ತಡವಾದರೆ ಆಪರೇಷನ್ ಆಗಬಹುದು ಅಂದರು. ಇಷ್ಟು ದಿನ ಎಲ್ಲರಿಗೂ ಪಾಠ ಹೇಳುತ್ತಿದ್ದ ಹುಡುಗಿ ಮಂಚದ ಮೇಲೆ ಕೂತು ಅತ್ತುಬಿಟ್ಟಳು. "ಯಾಕತ್ತೆ ಬರ್ತಿಲ್ಲ ಇದು?"

ಹೆರಿಗೆಗೆಂದು ಊರಿಂದ ಮತ್ತೆ ಬಂದಿದ್ದ ಅತ್ತೆ ಅವಳ ಕಣ್ಣು ಒರೆಸಿದರು. "ಎಲ್ಲಾನೂ ಒಳಗೇ ಓದ್ಸಿದ್ರೆ ಅದ್ಯಾಕವ್ವ ಹೊರಗ್ ಬತ್ತದೆ? ಹೊರಗೇನ್ ಕೆಲ್ಸ ಐತೆ ಅದ್ಕೆ? ಒಂದೀಟು ರಜ ಕೊಟ್ಟು ನೋಡು."

ಹುಡುಗಿ ಮೂಗು ಒರೆಸಿಕೊಂಡು ಹೊಟ್ಟೆ ಮೇಲೆ ಕೈಯಿಟ್ಟಳು. "ಇವತ್ತಿಂದ ರಜ ಪುಟ್ಟಾ. ಪಾಠ ಇಲ್ಲ, ಏನಿಲ್ಲ. ಬಾ, ಆಟ ಆಡೋಣ."

ನೀವು ನಂಬಿದರೆ ನಂಬಿ, ಸಂಜೆಗೆ ನೋವು ಶುರುವಾಯಿತು. ಹೆಣ್ಣು ಮಗು, ಸುಸೂತ್ರ ಹೆರಿಗೆ.

ಮಾರನೇ ದಿನ ನೋಡಲು ಹೋದೆ. ಮಗು ಮುಷ್ಟಿ ಬಿಗಿ ಹಿಡಿದು ನಿದ್ದೆ ಮಾಡುತ್ತಿತ್ತು. "ಏನಮ್ಮಾ, ಮುಂದಿನ ಪಾಠ ಯಾವಾಗ?" ಅಂತ ಚೇಷ್ಟೆಗೆ ಕೇಳಿದೆ.

ಹುಡುಗಿ ಗಾಬರಿಯಿಂದ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೆಲ್ಲಗೆ ಆಂಟಿ! ಕೇಳಿಸ್ಕೊಂಡ್ರೆ ವಾಪಸ್ ಹೋಗ್ಬಿಟ್ಟಾಳು!"