ಇದ್ದೊಬ್ಬ ಓದುಗ

ಬೆಳಿಗ್ಗೆ ಎಂಟೂಹತ್ತಕ್ಕೆ ಬರಬೇಕಾಗಿದ್ದ ಕಾಮೆಂಟು ಒಂಬತ್ತಾದರೂ ಬರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರು ಫೋನನ್ನು ಆರಿಸಿ ಮತ್ತೆ ಹಚ್ಚಿದರು, ಕಿಟಕಿಯಾಚೆ ಹಿಡಿದರು, ಕೊನೆಗೆ ಅಂಗಿಯ ತುದಿಯಿಂದ ಒರೆಸಿಯೂ ನೋಡಿದರು. ಬರಲಿಲ್ಲ.

ಗುಮಾಸ್ತರಿಗೆ ಒಂದು ಬ್ಲಾಗಿತ್ತು. ಮನೆಯ ಮಿಕ್ಸಿ ಕೆಟ್ಟದ್ದು, ಹೊಸ ಫೋನು ಕೊಂಡು ಹಳೆಯದಕ್ಕಾಗಿ ಪರಿತಪಿಸಿದ್ದು, ಪೇಪರಿನಲ್ಲಿ ಬಂದ ಸುದ್ದಿ, ಆ ಸುದ್ದಿಯ ಮೇಲೆ ಇವರ ಸಿಟ್ಟು, ಹೀಗೆ ದಿನಕ್ಕೊಂದರಂತೆ ಮೂರು ವರ್ಷದಿಂದ ಬರೆಯುತ್ತಿದ್ದರು. ಹೆಂಡತಿ ಓದುತ್ತಿರಲಿಲ್ಲ. ಮಗಳು ಓದುತ್ತೇನೆಂದು ಹೇಳಿ ಓದುತ್ತಿರಲಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ಓದುತ್ತಿದ್ದವನು ‘ನಿತ್ಯ ಓದುಗ’ ಎಂಬ ಹೆಸರಿಟ್ಟುಕೊಂಡಿದ್ದ ಒಬ್ಬನೇ ಒಬ್ಬ. ಪ್ರತಿದಿನ ಎಂಟೂಹತ್ತಕ್ಕೆ ಅವನದೊಂದು ಕಾಮೆಂಟು ಬೀಳುತ್ತಿತ್ತು: ‘ಓದಿದೆ. ಚೆನ್ನಾಗಿದೆ.’ ದಿನವಿಡೀ ಜನರ ಬೈಗುಳವನ್ನು ಪುಸ್ತಕಕ್ಕೆ ಏರಿಸುವ ಕೆಲಸದವರಿಗೆ ಒಂದು ‘ಚೆನ್ನಾಗಿದೆ’ ಎಂದರೆ ಸಾಮಾನ್ಯವೇ? ಅದನ್ನು ನೆಚ್ಚಿಕೊಂಡೇ ಅವರು ದಿನ ದೂಡುತ್ತಿದ್ದರು.

“ಅವನಿಗೇನೋ ಆಗಿದೆ ಕಣೇ. ಮೂರು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ,” ಎಂದರು ಹೆಂಡತಿಗೆ.

“ನೀವು ಬರೆದಿದ್ದನ್ನೆಲ್ಲ ಓದಿಯೂ ಮೂರು ವರ್ಷ ತಾಳಿಕೊಂಡ್ನಲ್ಲ, ಗಟ್ಟಿ ಜೀವ ಬಿಡಿ.”

“ತಮಾಷೆ ಮಾಡ್ಬೇಡ.”

“ನಾನೆಲ್ಲಿ ರೀ ತಮಾಷೆ ಮಾಡಿದೆ? ಡಬ್ಬಿ ತಗೊಳ್ಳಿ, ಬಸ್ಸು ಹೋಗುತ್ತೆ.”

ಕಚೇರಿಯಲ್ಲಿ ಗುಮಾಸ್ತರ ಮುಖ ನೋಡಿದವರೆಲ್ಲ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆಂದೇ ತಿಳಿದರು. ಪಕ್ಕದ ಮೇಜಿನ ಟೈಪಿಸ್ಟ್ ಮೇಡಂ ವಿಷಯ ಕೆದಕಿ ಕೆದಕಿ ಹೊರತೆಗೆದರು. ಮೇಡಮ್ಮಿಗೆ ಬ್ಲಾಗಿನ ಬಗ್ಗೆ ಕಿಂಚಿತ್ತೂ ಆಸಕ್ತಿಯಿರಲಿಲ್ಲ. ಕಾಣೆಯಾದವರ ಬಗ್ಗೆ ಮಾತ್ರ ಬಹಳ ಇತ್ತು.

“ಅವನು ಯಾವತ್ತಾದ್ರೂ ತನ್ನ ವಿಷಯ ಬರೆದಿದ್ನಾ? ನೆನಪು ಮಾಡ್ಕೊಳ್ಳಿ.”

“ಒಂದೇ ಒಂದು ಸಲ. ನಮ್ಮ ನಲ್ಲಿ ಬರೀ ಗಾಳಿ ಊದುತ್ತೆ ಅಂತ ಬರೆದಿದ್ದೆ. ಆಗ ‘ನಮ್ಮ ಬೀದಿಯಲ್ಲೂ ನಾಲ್ಕು ದಿನದಿಂದ ನೀರಿಲ್ಲ’ ಅಂತ ಸೇರಿಸಿದ್ದ. ಎರಡು ವರ್ಷದ ಹಿಂದೆ.”

“ಅಯ್ಯೋ, ಇನ್ನೇನು ಬೇಕು? ಬಗಲಲ್ಲೇ ಇಟ್ಕೊಂಡು ಊರೆಲ್ಲ ಹುಡುಕ್ತೀರಲ್ಲ! ಆವತ್ತಿನ ದೂರು ಪುಸ್ತಕ ತೆಗೀರಿ.”

ತೆಗೆದರು. ನಾಲ್ಕು ದಿನ ನೀರಿಲ್ಲದ ಬೀದಿ ಆ ವಾರ ಒಂದೇ ಇತ್ತು: ಹಳೇ ಟ್ಯಾಂಕಿನ ಹಿಂದಿನ ಬೀದಿ, ಹದಿನಾಲ್ಕು ಮನೆ. ‘ಕೈಗೊಂಡ ಕ್ರಮ’ ಎಂಬ ಅಂಕಣ ಖಾಲಿಯಿತ್ತು. ಅದು ಗುಮಾಸ್ತರ ಕಣ್ಣಿಗೆ ಬೀಳಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಅವಚಿಕೊಂಡು, ಆ ಕಡೆಗೇ ಹೊರಟಿದ್ದ ಮೀಟರ್ ಓದುವವನನ್ನು ಜೊತೆಮಾಡಿಕೊಂಡು ನಡೆದೇಬಿಟ್ಟರು. ಎಲ್ಲರೂ ಅವನನ್ನು ಮೀಟರಣ್ಣ ಎನ್ನುತ್ತಿದ್ದರು.

ಮೊದಲ ಮನೆಯ ಬಾಗಿಲು ತೆರೆದ ಪಿಂಚಣಿದಾರರು ಪುಸ್ತಕವನ್ನೂ ಮೀಟರಣ್ಣನ ಇಲಾಖೆಯ ಚೀಲವನ್ನೂ ನೋಡಿ ಕೈಯೆತ್ತಿ ಮುಗಿದರು.

“ಬಂದ್ರಾ ಸ್ವಾಮಿ! ದೂರು ಕೊಟ್ಟು ಎರಡು ವರ್ಷ ಆಯ್ತು. ನಮ್ಮ ಕಾಲ ಮುಗಿಯೋದ್ರೊಳಗೆ ಬಂದ್ರಲ್ಲ, ಅದೇ ಪುಣ್ಯ.”

“ಅದಲ್ಲ ಯಜಮಾನರೇ, ಈ ಮನೇಲಿ ಬ್ಲಾಗು ಓದೋರು ಯಾರಾದ್ರೂ ಇದ್ದಾರಾ?”

“ಬ್ಲಾಗಾ? ಅದಕ್ಕೂ ಬಿಲ್ ಕಳಿಸ್ತೀರಾ ಇನ್ಮೇಲೆ?”

ಬ್ಲಾಗು ಎಂದರೇನೆಂದು ಗುಮಾಸ್ತರು ವಿವರಿಸಿದರು, ಅದರ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಎರಡನೇ ಮನೆಯಲ್ಲೂ ಅದೇ ಕತೆ, ಮೂರನೆಯದರಲ್ಲೂ ಅದೇ. ನಾಲ್ಕನೇ ಮನೆಯ ಹೊತ್ತಿಗೆ ಹಿಂದೆ ಬರುತ್ತಿದ್ದವರು ಹತ್ತು ಮಂದಿಯಾಗಿದ್ದರು. ಆರನೇ ಮನೆಯಲ್ಲಿ ಒಬ್ಬ ಅಜ್ಜಿ ಲೋಟದ ತುಂಬ ಕೆಂಪು ನೀರು ತಂದು ಮುಂದೆ ಹಿಡಿದರು.

“ಇದನ್ನ ಮೊದ್ಲು ಕುಡಿಯಪ್ಪ. ಓದೋ ವಿಚಾರ ಆಮೇಲೆ.”

“ಅಜ್ಜಿ, ಕುಡಿದ್ರೆ ನಿಮ್ಮ ಮನೇಲಿ ಓದೋರು ಯಾರು ಅಂತ ಹೇಳ್ತೀರಾ?”

“ಹೇಳ್ತೀನಿ.”

ಗುಮಾಸ್ತರು ಕಣ್ಣುಮುಚ್ಚಿ ಕುಡಿದರು. “ನಮ್ಮನೇಲಿ ಯಾರೂ ಓದಲ್ಲಪ್ಪ,” ಎಂದರು ಅಜ್ಜಿ. ಗುಮಾಸ್ತರು ಆ ನೀರು ಕುಡಿದದ್ದರ ಫೋಟೋವನ್ನು ನೆರೆದವರು ತೆಗೆದುಕೊಂಡಿದ್ದರು. ಮೀಟರಣ್ಣ ಯಾವ ಮಾಯದಲ್ಲಿ ಜಾಗ ಖಾಲಿ ಮಾಡಿದನೋ ಗೊತ್ತಾಗಲೇ ಇಲ್ಲ.

ಹದಿಮೂರು ಮನೆ ಮುಗಿದವು, ನಿತ್ಯ ಓದುಗ ಸಿಗಲಿಲ್ಲ. ಅವನು ಇಲ್ಲೂ ಇಲ್ಲದಿದ್ದರೆ ನಾಳೆಯಿಂದ ಬರೆಯುವುದಾದರೂ ಯಾರಿಗೆ? ಹದಿನಾಲ್ಕನೆಯ ಬಾಗಿಲು ತಟ್ಟಿದರು.

ಬಾಗಿಲು ತೆರೆದವನು ಅವರದೇ ಕಚೇರಿಯ ಮೇಲಿನ ಮಹಡಿಯ ಕಂಪ್ಯೂಟರ್ ವಿಭಾಗದ ಕನ್ನಡಕದವನು. ಮೂರು ವರ್ಷದಿಂದ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವನು. ಈಗ ಗುಮಾಸ್ತರನ್ನು ನೋಡಿದ್ದೇ ಬಿಳಿಚಿಕೊಂಡ.

“ನೀವಾ? ನಿತ್ಯ ಓದುಗ ನೀವೇನಾ?” ಗುಮಾಸ್ತರು ಅವನನ್ನು ಬಾಚಿ ತಬ್ಬಿಕೊಂಡರು. “ಹುಷಾರಾಗಿದ್ದೀರಾ? ಜ್ವರಾನಾ? ಇವತ್ತು ಕಾಮೆಂಟೇ ಬರಲಿಲ್ಲ!”

“ಹುಷಾರಾಗೇ ಇದ್ದೀನಿ ಸಾರ್. ರಜೆ ಹಾಕಿದ್ದೀನಿ. ಮೂರು ವರ್ಷದಲ್ಲಿ ಇದೇ ಮೊದಲ ರಜೆ. ನೀವು ಭಾನುವಾರವೂ ಬಿಡದೆ ಬರೀತಿದ್ರಲ್ಲ...” ಅವನು ಒಳಗೆ ಕರೆದು ಬಾಗಿಲು ಹಾಕಿಕೊಂಡ. “ಕೋಪ ಮಾಡ್ಕೋಬೇಡಿ. ಅದು ನನ್ನ ಡ್ಯೂಟಿ ಆಗಿತ್ತು.”

“ಡ್ಯೂಟಿ?”

“ಸಿಬ್ಬಂದಿಯವರು ಇಲಾಖೆ ವಿರುದ್ಧ ಏನಾದ್ರೂ ಬರೀತಾರಾ ನೋಡ್ಬೇಕು ಅಂತ ಆದೇಶ ಬಂದಿತ್ತು. ನಮ್ಮಲ್ಲಿ ಬರೆಯೋರು ನೀವೊಬ್ರೇ. ನೋಡಿದ್ದಕ್ಕೆ ಪುರಾವೆ ಕೇಳ್ತಾರಲ್ಲ? ಕಾಮೆಂಟ್ ಹಾಕಿದ್ರೆ ತಾರೀಕು, ಟೈಮು ತಾನಾಗೇ ಬೀಳುತ್ತೆ.”

ಗುಮಾಸ್ತರು ಕುರ್ಚಿ ಹುಡುಕಿಕೊಂಡು ಕುಳಿತರು. “ಚೆನ್ನಾಗಿದೆ ಅಂತಿದ್ರಲ್ಲ?”

“ಆಕ್ಷೇಪ ಇಲ್ಲ ಅಂತ ಅರ್ಥ ಸಾರ್. ಪೂರ್ತಿ ಓದ್ತಿರಲಿಲ್ಲ, ಸುಳ್ಳು ಯಾಕೆ ಹೇಳ್ಲಿ? ಇಲಾಖೆ ಹೆಸರು ಇದೆಯಾ ಅಂತ ಕಣ್ಣಾಡಿಸ್ತಿದ್ದೆ.”

“ನೀರಿಲ್ಲ ಅಂತ ಮನಸ್ಸು ಬಿಚ್ಚಿ ಬರೆದಿದ್ರಲ್ಲ, ಅದು?”

“ನಮ್ಮ ಬೀದಿಯವರು ಕೌಂಟರಲ್ಲಿ ಕೊಟ್ಟ ದೂರಿಗೆ ನೀವು ಏನೂ ಮಾಡ್ಲಿಲ್ಲ. ಅಲ್ಲಿ ಬರೆದ್ರಾದ್ರೂ ನೋಡ್ತೀರೇನೋ ಅಂದ್ಕೊಂಡೆ.”

“ಹೋಗ್ಲಿ ಬಿಡಿ,” ಎಂದರು ಗುಮಾಸ್ತರು. “ನಾಳೆಯಿಂದ ಮತ್ತೆ ನೋಡ್ತೀರಿ ತಾನೆ?”

“ನಿನ್ನೆ ಆದೇಶ ರದ್ದಾಯ್ತು. ನಿಮ್ಮ ಬ್ಲಾಗಿಂದ ಯಾರಿಗೂ ಯಾವ ಅಪಾಯವೂ ಇಲ್ಲ ಅಂತ ನಾನೇ ವರದಿ ಕೊಟ್ಟೆ.”

“ಅಪಾಯ ಆಗೋ ಹಾಗೆ ಬರೀತೀನಿ! ಬೇಕಾದ್ರೆ ಸಾಹೇಬರ ಹೆಸರು ಹಿಡಿದೇ ಬರೀತೀನಿ!”

“ಬರೀರಿ ಸಾರ್. ಆದ್ರೆ ನಾನು ಓದೋ ಹಾಗಿಲ್ಲ, ಆದೇಶ ಇಲ್ಲ.”

ಗುಮಾಸ್ತರು ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತಿದರು. ಇಷ್ಟು ವಯಸ್ಸಾಗಿ ಬಸ್ಸಿನಲ್ಲಿ ಕೂತು ಅಳುವುದು ನಾಚಿಕೆಗೇಡು ಎಂದು ಗೊತ್ತಿದ್ದರೂ ಕಣ್ಣು ಕೇಳಲಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು. ಮತ್ತೊಮ್ಮೆ, ಮಗದೊಮ್ಮೆ. ಬ್ಲಾಗಿಗೆ ಕಾಮೆಂಟು! ಒಂದಲ್ಲ ಎರಡಲ್ಲ, ನಲವತ್ತಾರು! ತಟ್ಟನೆ ತೆರೆದರು.

‘ನೀರು ಯಾವಾಗ ಬಿಡುತ್ತೀರಿ?’ ‘ನಮ್ಮ ಬೀದಿಗೂ ಬನ್ನಿ, ಇಲ್ಲೂ ಕುಡಿಯಿರಿ.’ ‘ಪೈಪು ಒಡೆದು ಒಂದು ತಿಂಗಳಾಯಿತು.’ ಚೀಟಿಯಲ್ಲಿ ಬರೆದುಕೊಟ್ಟ ವಿಳಾಸ ಫೋಟೋ ಸಮೇತ ಬೀದಿಯಿಂದ ಬೀದಿಗೆ ದಾಟಿತ್ತು.

ಕಚೇರಿಯಲ್ಲಿ ಸಾಹೇಬರು ಕಾಯುತ್ತಿದ್ದರು. ದೂರು ಪುಸ್ತಕ ಹೊರಗೆ ಒಯ್ದದ್ದಕ್ಕೆ ಮೆಮೋ ಸಿದ್ಧವಾಗಿರುತ್ತದೆಂದು ಗುಮಾಸ್ತರು ಕೈಕಟ್ಟಿ ನಿಂತರು. ಸಾಹೇಬರು ನಗುತ್ತಿದ್ದರು.

“ಭೇಷ್ ಕಣ್ರೀ! ಜನ ಕೌಂಟರಿಗೆ ಬಂದು ಗಲಾಟೆ ಮಾಡೋದೇ ತಪ್ಪಿತು. ಇನ್ಮೇಲೆ ದೂರೆಲ್ಲ ನಿಮ್ಮ ಬ್ಲಾಗಲ್ಲೇ ತಗೊಳ್ಳೋಣ, ಮೇಲಿನವರಿಗೂ ಹೇಳಿದ್ದೀನಿ. ಅದರಲ್ಲಿ ಮಿಕ್ಸಿ ಗಿಕ್ಸಿ ಅಂತ ಏನೇನೋ ತುಂಬಿದೆಯಲ್ಲ, ಅದನ್ನೆಲ್ಲ ಈ ವಾರದೊಳಗೆ ತೆಗೆದುಬಿಡಿ. ಜನಕ್ಕೆ ಗೊಂದಲ ಆಗುತ್ತೆ.”

“ಸಾರ್, ತೆಗೆಯೋ ಮುಂಚೆ ನೀವು ಒಂದನ್ನಾದ್ರೂ...”

“ಪುರುಸೊತ್ತೆಲ್ಲಿದೆ ರೀ?”

ಗುಮಾಸ್ತರು ಮೇಜಿಗೆ ಬಂದು ಅಳಿಸಲು ಕುಳಿತರು. ಬರಹಗಳು ಸಾವಿರದ ಮೇಲಿದ್ದವು. ಒಂದೊಂದನ್ನೂ ನಿಧಾನವಾಗಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಅಳಿಸಿದರು. ಅವುಗಳನ್ನು ಪೂರ್ತಿ ಓದಿದವರು ಅಂತ ಯಾರಾದರೂ ಇದ್ದರೆ ಅವರೊಬ್ಬರೇ.